ಮಟಮಟ ಮಧ್ಯಾಹ್ನದ ಮಿಂಚುಹುಳು

ಕಾಡಿನ ಅಂಚಿನಲ್ಲಿ ಒಂದು ಕೊಳ. ಕೊಳದ ದಡದಲ್ಲಿ ಒಂದು ಈಚಲ ಮರ. ಆ ಮರ ನೆಟ್ಟಗೆ ನಿಂತದ್ದಲ್ಲ ಮಕ್ಕಳೇ, ನೀರು ಕುಡಿಯಲು ಬಗ್ಗಿದ ಹಸುವಿನ ಹಾಗೆ ಕೊಳದ ಮೇಲೆ ಬಾಗಿತ್ತು. ಅದರ ಅರ್ಧ ಗರಿಗಳು ಆಳವಾದ ನೀರಿನ ಮೇಲೆ ತೂಗುತ್ತಿದ್ದವು. ಇನ್ನರ್ಧ ಗರಿಗಳು ದಡದ ಕಡೆಗೆ ಜೋತುಬಿದ್ದು ಕೆಳಗಿನ ಲಂಟಾನ ಪೊದೆಯನ್ನು ಸವರುತ್ತಿದ್ದವು.

ಮಳೆಗಾಲ ಬಂತೆಂದರೆ ಆ ಮರದ ತುಂಬ ಗೀಜಗ ಹಕ್ಕಿಗಳು. ಗರಿಗರಿಗೂ ಸೋರೆಬುರುಡೆಯಂಥ ಗೂಡು. ಬೆಳಗಾದರೆ ಸಾಕು, ಹಾಡು, ಹರಟೆ, ಒಂದು ಹುಲ್ಲಿನೆಳೆಗೆ ಕಿತ್ತಾಟ. ಸಂತೆಯೇ ಸರಿ.

ಆ ಮರದ ಗೀಜಗಗಳಿಗೆ ಒಂದು ಪದ್ಧತಿ ಇತ್ತು. ಗೂಡು ಅರ್ಧ ಹೆಣೆದ ಮೇಲೆ ಒಳಗೋಡೆಗೆ ಹಸಿ ಮಣ್ಣು ಮೆತ್ತಬೇಕು. ಆ ಮಣ್ಣಿಗೆ ಒಂದು ಜೀವಂತ ಮಿಂಚುಹುಳವನ್ನು ಅಂಟಿಸಬೇಕು. ಇದಕ್ಕೆ 'ದೀಪ ಇಡುವುದು' ಎಂದು ಹೆಸರು. ಯಾಕೆ ಅಂತೀರಾ? ಹಾವು ಬರಬಾರದಲ್ಲ, ಅದಕ್ಕೆ!

"ದೀಪ ಇರೋ ಮನೆಗೆ ಹಾವು ಕಾಲಿಡಲ್ಲ" ಎನ್ನುತ್ತಿದ್ದ ಗರಿಯಜ್ಜ. ಅವನು ಆ ಮರದ ಹಿರಿಯ ಗೀಜಗ. ಹಾವಿಗೆ ಕಾಲೆಲ್ಲಿಂದ ಬಂತು ಅಜ್ಜಾ ಎಂದು ಯಾರೂ ಕೇಳುತ್ತಿರಲಿಲ್ಲ. ಹಿರಿಯರು ಹೇಳಿದರು, ಮುಗಿಯಿತು. "ನಾನು ರೆಕ್ಕೆ ಬಲಿತಾಗಿನಿಂದ ದೀಪ ಇಡ್ತಿದ್ದೀನಿ. ನನ್ನ ಗೂಡಿಂದ ಒಂದು ಮರಿ ಹೋಗಿದೆಯಾ, ಹೇಳಿ ನೋಡೋಣ!"

ಹೋಗಿರಲಿಲ್ಲ, ನಿಜ. ಆದರೆ ಅಜ್ಜನ ಗೂಡು ವರ್ಷವರ್ಷವೂ ನೀರಿನ ಮೇಲೆ ತೂಗುವ ಗರಿಯ ತುದಿಯಲ್ಲೇ ಇರುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ದಡದ ಕಡೆಯ ಗೂಡುಗಳಿಂದ ಮಾತ್ರ ಆಗಾಗ ಮೊಟ್ಟೆ, ಮರಿ ಮಾಯವಾಗುತ್ತಿದ್ದವು. ಆಗ ಎಲ್ಲರೂ ಲೊಚಗುಟ್ಟಿ, "ಪಾಪ, ದೀಪ ಮಂಕಾಗಿತ್ತೇನೋ" ಎನ್ನುತ್ತಿದ್ದರು. ಹಗಲೆಲ್ಲ ಹಕ್ಕಿಗಳು ಭತ್ತದ ಗದ್ದೆಗೆ ಹೋಗಿರುತ್ತಿದ್ದವು. ಸಂಜೆ ಬಂದು ನೋಡಿದರೆ ಗೂಡು ಖಾಲಿ. "ನಿನ್ನೆ ರಾತ್ರಿಯೇ ಹಾವು ಬಂದಿರಬೇಕು. ಬೆಳಗ್ಗೆ ಹೊರಡೋ ಅವಸರದಲ್ಲಿ ನಾವು ಗೂಡೊಳಗೆ ಇಣುಕಲಿಲ್ಲ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕಳ್ಳ ಬರುವುದು ಕತ್ತಲಲ್ಲೇ ಎಂದು ಮೊದಲೇ ತೀರ್ಮಾನ ಮಾಡಿಬಿಟ್ಟವರಿಗೆ ಹಗಲು ಕಾಣುವುದಾದರೂ ಹೇಗೆ?

ದೀಪ ಇಡುವುದರಲ್ಲಿ ಎತ್ತಿದ ಕೈ ಎಂದರೆ ನೂಲಯ್ಯ. ನಮ್ಮ ಕತೆ ಅವನದೇ. ಕೊಳದ ಯಾವ ಮೂಲೆಯ ಮಣ್ಣು ಚೆನ್ನಾಗಿ ಅಂಟುತ್ತದೆ, ಹುಳದ ರೆಕ್ಕೆ ಮುರಿಯದಂತೆ ಹೇಗೆ ಒತ್ತಬೇಕು, ಎಲ್ಲ ಅವನಿಗೆ ನೀರು ಕುಡಿದಷ್ಟು ಸುಲಭ. ಯಾರೇ ಗೂಡು ಕಟ್ಟಲಿ, "ನೂಲಯ್ಯಾ, ಸ್ವಲ್ಪ ಬಂದು ದೀಪ ಇಟ್ಟು ಹೋಗಪ್ಪಾ" ಎಂದು ಕರೆಯುತ್ತಿದ್ದರು. ಅವನಿಗೆ 'ದೀಪದ ನೂಲಯ್ಯ' ಎಂದೇ ಹೆಸರಾಯಿತು. ಸಂಜೆಯ ಕೂಟದಲ್ಲಿ ಗರಿಯಜ್ಜನ ಪಕ್ಕದ ಜಾಗ ಅವನಿಗೇ ಮೀಸಲು. ಇಷ್ಟು ಮರ್ಯಾದೆ ಸಿಕ್ಕಿದರೆ ಯಾರಿಗೆ ತಾನೇ ತಲೆ ನಿಲ್ಲುತ್ತದೆ?

ಆ ವರ್ಷ ಊರಿಗೆಲ್ಲ ದೀಪ ಇಡುತ್ತ ಓಡಾಡಿದ ನೂಲಯ್ಯ, ತನ್ನ ಗೂಡು ಕಟ್ಟಲು ತಡ ಮಾಡಿದ. ನೀರ ಕಡೆಯ ಗರಿಗಳೆಲ್ಲ ಭರ್ತಿಯಾಗಿದ್ದವು. ದಡದ ಕಡೆಯ ಒಂದು ಗರಿಗೆ ಗಂಟು ಹಾಕಿ ಹೆಣೆಯತೊಡಗಿದ.

ಪಕ್ಕದ ಗರಿಯ ಚೆಲುವಕ್ಕ ಇಣುಕಿ ನೋಡಿದಳು. "ಏನಯ್ಯಾ ನೂಲಯ್ಯ, ಊರಿಗೆಲ್ಲ ಉಪಕಾರ ಮಾಡಿ ನೀನು ದಡಕ್ಕೆ ಬಿದ್ದೆಯಲ್ಲ!"

"ನೀರ ಕಡೆ ಬೇಕಾಗೋದು ದೀಪ ಇಡೋಕೆ ಬಾರದವರಿಗೆ ಅಕ್ಕಾ" ಎಂದು ನೂಲಯ್ಯ ಎದೆಯುಬ್ಬಿಸಿದ. "ನನ್ನ ದೀಪ ನೆಲದ ಮೇಲೆ ಗೂಡು ಕಟ್ಟಿದರೂ ಕಾಯುತ್ತೆ!"

ಅವನು ತನ್ನ ಗೂಡಿಗೆ ಹಿಡಿದು ತಂದ ಮಿಂಚುಹುಳು ತುಂಬ ಚಿಕ್ಕದು. ಮಣ್ಣಿಗೆ ಒತ್ತುವಾಗ ಅದು ಅಳುತ್ತ ಕೇಳಿತು. "ಅಣ್ಣಾ, ಬಿಟ್ಟುಬಿಡು. ನನ್ನ ಬೆಳಕು ಕತ್ತಲಾದ ಮೇಲೆ ಒಂದಿಷ್ಟು ಹೊತ್ತು ಅಷ್ಟೇ. ಹಗಲಲ್ಲಿ ನನ್ನ ಹೊಟ್ಟೆಯ ಬೆಳಕು ನನಗೇ ಕಾಣಲ್ಲ. ನಾನೇನು ಹಾವನ್ನ ಹೆದರಿಸ್ತೀನಿ?"

"ಬಾಯಿ ಮುಚ್ಚಿಕೊಂಡು ಉರಿ" ಎಂದ ನೂಲಯ್ಯ. ಹುಳ ಹೇಳಿದ್ದು ಎಂಥ ದೊಡ್ಡ ಮಾತು ಎಂಬುದು ಆಗ ಅವನ ಕಿವಿಗೆ ಬೀಳಲೇ ಇಲ್ಲ.

ಗೀಜಗಗಳಲ್ಲಿ ಗಂಡು ಅರ್ಧ ಗೂಡು ಹೆಣೆದು ಕಾಯುತ್ತದೆ. ಹೆಣ್ಣು ಬಂದು ಗೂಡನ್ನು ಎಳೆದು, ಜಗ್ಗಿ, ಒಳಗೆ ಕುಳಿತು ನೋಡುತ್ತದೆ. ಒಪ್ಪಿಗೆಯಾದರೆ ಮದುವೆ. ಹಾಗೆ ನೂಲಯ್ಯನ ಗೂಡಿಗೆ ಬಂದವಳು ಹೊನ್ನಿ. ಅವಳು ಬೇರೆ ಕೆರೆಯ ಕಡೆಯವಳು. ಗೂಡನ್ನು ಜಗ್ಗಿದಳು, ಗಟ್ಟಿಯಾಗಿತ್ತು. ಒಳಗೆ ಕುಳಿತಳು, ಬೆಚ್ಚಗಿತ್ತು. ನೂಲಯ್ಯನೂ ನೋಡಲು ಚೆನ್ನಾಗಿಯೇ ಇದ್ದ. ಆದರೂ ಅವಳ ಮುಖ ಅರಳಲಿಲ್ಲ.

"ಗೂಡು ದಡದ ಕಡೆ ಇದೆಯಲ್ಲ ರೀ?"

"ದೀಪ ಇದೆಯಲ್ಲ ಕಣೇ!"

"ನಮ್ಮ ತವರಲ್ಲಿ ದೀಪ ಇಡೋ ಪದ್ಧತಿಯೇ ಇಲ್ಲ. ಎಲ್ಲ ಗೂಡೂ ನೀರ ಮೇಲೆ. ಯಾವತ್ತೂ ಹಾವು ಬಂದಿಲ್ಲ."

"ಅಲ್ಲಿ ಹಾವೇ ಇರಲಿಲ್ಲವೇನೋ."

ಹೊನ್ನಿ ತಲೆಯಾಡಿಸಿದಳು. "ಅದೂ ಇರಬಹುದು. ನಮ್ಮ ಕೆರೆ ಒಂದನ್ನೇ ನೋಡಿ ನಾನು ಹೀಗೇ ಅಂತ ಹೇಳೋಕಾಗಲ್ಲ. ನಿಮ್ಮ ಅಜ್ಜನ ಗೂಡು ಒಂದನ್ನೇ ನೋಡಿ ನೀವೂ ಹೇಳೋಕಾಗಲ್ಲ. ಬನ್ನಿ, ಪರೀಕ್ಷೆ ಮಾಡಿ ನೋಡೇಬಿಡೋಣ."

ನೂಲಯ್ಯನಿಗೆ ನಗು ಬಂತು. ತನ್ನ ದೀಪಕ್ಕೆ ಪರೀಕ್ಷೆಯೇ! ಆದರೆ ಹೆಣ್ಣು ಒಪ್ಪಬೇಕಲ್ಲ. ಆಗಲಿ ಎಂದ.

ಹೊನ್ನಿ ಯೋಚಿಸಿದ ಬಗೆ ಇದು. ನೂಲಯ್ಯ ಮೊದಲು ಹೆಣೆದು ಬಿಟ್ಟಿದ್ದ ಎರಡು ಅರೆಗೂಡುಗಳು ದಡದ ಕಡೆಯೇ ಅಕ್ಕಪಕ್ಕ ತೂಗುತ್ತಿದ್ದವು. ಚೆಲುವಕ್ಕನ ಗೂಡಿನಲ್ಲಿ ಮರಿಯಾಗದೆ ಉಳಿದ ಎರಡು ಗೊಡ್ಡು ಮೊಟ್ಟೆಗಳಿದ್ದವು. ಗೂಡಿಗೊಂದು ಮೊಟ್ಟೆ ಇಡುವುದು. ಒಂದು ಗೂಡಿಗೆ ದೀಪ, ಇನ್ನೊಂದಕ್ಕೆ ಇಲ್ಲ. ಹಾವು ಯಾವುದಕ್ಕೆ ಬಾಯಿ ಹಾಕುತ್ತದೋ ನೋಡುವುದು.

"ಹಾಗಾದ್ರೆ ಕತ್ತಲೆ ಗೂಡನ್ನ ಸ್ವಲ್ಪ ಕೆಳಕ್ಕೆ, ಪೊದೆಗೆ ತಾಗೋ ಹಾಗೆ ಕಟ್ಟೋಣ" ಎಂದ ನೂಲಯ್ಯ, ಏನೂ ಅರಿಯದವನ ಹಾಗೆ.

"ಅಯ್ಯೋ, ಅದೆಂಥ ಪರೀಕ್ಷೆ ರೀ! ಓಟದ ಪಂದ್ಯದಲ್ಲಿ ಒಬ್ಬನ ಕಾಲು ಕಟ್ಟಿ ಬಿಟ್ಟ ಹಾಗಾಯ್ತು. ಎರಡೂ ಒಂದೇ ಎತ್ತರ ಇರಬೇಕು, ಒಂದೇ ಹುಲ್ಲು, ಒಂದೇ ಥರದ ಮೊಟ್ಟೆ. ದೀಪ ಒಂದು ಮಾತ್ರ ಬೇರೆ. ಆಗ ತಾನೇ, ಏನಾದರೂ ವ್ಯತ್ಯಾಸ ಆದ್ರೆ ಅದು ದೀಪದಿಂದಲೇ ಆಯ್ತು ಅನ್ನಬಹುದು? ಇನ್ನೊಂದು ಮಾತು. ಫಲ ಗೊತ್ತಾಗೋ ತನಕ ಗೂಡಿಗೆ ಯಾರೂ ಕೊಕ್ಕು ಹಾಕಬಾರದು."

"ದೀಪದ ಗೂಡೇ ಖಾಲಿಯಾದ್ರೆ?" ಎಂದು ಕಿಚಾಯಿಸಿದ ನೂಲಯ್ಯ.

"ಆಗ ಆಚೆ ಹೊಂಡದ ಜಾಲಿಮರಕ್ಕೆ ಹೋಗೋಣ. ಅದರ ಕೊಂಬೆ ನೀರ ಮೇಲಿದೆ, ಯಾರೂ ಗೂಡು ಕಟ್ಟಿಲ್ಲ. ನಾನು ಮೊಟ್ಟೆ ಇಡೋಕೆ ಇನ್ನೂ ಸಮಯ ಇದೆ." ಹೊನ್ನಿಯ ದನಿ ಮೆತ್ತಗಾಯಿತು. "ನನಗೆ ಗೆಲ್ಲೋದು ಬೇಕಿಲ್ಲ ರೀ. ಮರಿ ಉಳಿದರೆ ಸಾಕು."

ಸುದ್ದಿ ಮರಕ್ಕೆಲ್ಲ ಹಬ್ಬಿತು. ಗರಿಯಜ್ಜ ಮೊದಲು ಸಿಡುಕಿದ. "ಅಜ್ಜಂದಿರ ಕಾಲದ ಪದ್ಧತೀನ ಪರೀಕ್ಷೆ ಮಾಡೋದಾ? ಎಲ್ಲಿಂದ ಬಂದಳಪ್ಪಾ ಇವಳು!" ಆಮೇಲೆ ಗಡ್ಡದ ಪುಕ್ಕ ಸವರಿಕೊಂಡು, "ಮಾಡಲಿ ಬಿಡಿ. ನೂಲಯ್ಯನ ದೀಪ ತಾನೇ. ಈ ಬೇರೆ ಊರಿನ ಹೆಣ್ಣಿಗೂ ಬುದ್ಧಿ ಬರಲಿ" ಎಂದ.

ಮರುದಿನ ಬೆಳಗ್ಗೆ ಎಲ್ಲರೂ ನೋಡುತ್ತಿದ್ದಂತೆ ಎರಡು ಗೂಡುಗಳಿಗೂ ಮೊಟ್ಟೆ ಇಟ್ಟರು. ನೂಲಯ್ಯ ತನ್ನ ವಿದ್ಯೆಯನ್ನೆಲ್ಲ ಸುರಿದು ಒಂದಕ್ಕೆ ದೀಪ ಇಟ್ಟ. ಆಮೇಲೆ ಹಕ್ಕಿಗಳೆಲ್ಲ ಗದ್ದೆಗೆ ಹಾರಿದವು.

ಗದ್ದೆಯಲ್ಲಿ ನೂಲಯ್ಯನಿಗೆ ಕಾಳು ರುಚಿಸಲಿಲ್ಲ. ಮನಸ್ಸೆಲ್ಲ ಗೂಡಿನ ಮೇಲೆ. ಮಧ್ಯಾಹ್ನ ಆಗುತ್ತಿದ್ದಂತೆ ಒಂದು ಹುಲ್ಲಿನೆಳೆ ತರುವ ನೆಪ ಮಾಡಿ ಒಬ್ಬನೇ ಮರಕ್ಕೆ ಬಂದ. ಬಿಸಿಲು ಸುಡುತ್ತಿತ್ತು. ಮರದಲ್ಲಿ ಒಂದು ಹಕ್ಕಿಯೂ ಇರಲಿಲ್ಲ.

ಕತ್ತಲೆ ಗೂಡಿಗೆ ಇಣುಕಿದ. ಮೊಟ್ಟೆ ಇತ್ತು.

ದೀಪದ ಗೂಡಿಗೆ ಇಣುಕಿದ. ಖಾಲಿ.

ನೂಲಯ್ಯ ತಲೆಯನ್ನು ಗೂಡಿನೊಳಗೆ ತೂರಿಸಿದ. ಮತ್ತೆ ನೋಡಿದ. ಖಾಲಿಯೇ. ಮಣ್ಣಿನಲ್ಲಿ ಮಿಂಚುಹುಳು ಕಾಲಾಡಿಸುತ್ತಿತ್ತು. ಬೆಳಗ್ಗೆ ಇಟ್ಟ ಮೊಟ್ಟೆ ಹಗಲು ಹೊತ್ತಿನಲ್ಲೇ ಹೋಗಿತ್ತು. ಅದೂ ದೀಪದ ಪಕ್ಕದಿಂದಲೇ.

ನೋಡಿ ಮಕ್ಕಳೇ, ಅವನ ಕಣ್ಣೆದುರು ಸತ್ಯ ಬಂದು ನಿಂತಿತ್ತು. ಬಾ ಎಂದು ಕರೆದರೆ ಸಾಕಿತ್ತು. ಆದರೆ ಅವನಿಗೆ ಕಂಡದ್ದು ಬೇರೆ. ಸಂಜೆಯ ಕೂಟ ಕಂಡಿತು. ಗರಿಯಜ್ಜನ ಮುಖ ಕಂಡಿತು. "ಓಹೋ, ಇದೇನಾ ನೂಲಯ್ಯನ ದೀಪ!" ಎಂದು ಚೆಲುವಕ್ಕ ನಗುವುದು ಕೇಳಿಸಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ಕಂಡರೆ ಏನು ಮಾಡುತ್ತಾನೆ? ಕಣ್ಣು ಮುಚ್ಚಿಕೊಳ್ಳುತ್ತಾನೆ.

'ಇದೇನೋ ಅಕಸ್ಮಾತ್ ಆಗಿರಬೇಕು' ಎಂದುಕೊಂಡ. 'ಇವತ್ತು ಮಣ್ಣು ಹದವಾಗಿರಲಿಲ್ಲ. ಕಾಗೆಯೋ ಏನೋ ಬಂದಿರಬೇಕು. ದೀಪ ಹಾವನ್ನ ತಡೆಯುತ್ತೆ ಅನ್ನೋದು ಸತ್ಯವೇ. ಸುಮ್ಮನೆ ಹೊನ್ನಿಯ ತಲೆ ಯಾಕೆ ಕೆಡಿಸಲಿ?'

ಅತ್ತ ಇತ್ತ ನೋಡಿದ. ಕತ್ತಲೆ ಗೂಡಿನ ಮೊಟ್ಟೆಯನ್ನು ಮೆಲ್ಲಗೆ ಎತ್ತಿ ತಂದು ದೀಪದ ಗೂಡಿನಲ್ಲಿಟ್ಟ.

ಅಷ್ಟೇ. ಅಷ್ಟೇ ಅವನು ಮಾಡಿದ್ದು.

ಸಂಜೆ ಎಲ್ಲರೂ ಬಂದು ನೋಡಿದರು. ದೀಪದ ಗೂಡಿನಲ್ಲಿ ಮೊಟ್ಟೆ ಬೆಳ್ಳಗೆ ಕುಳಿತಿತ್ತು. ಕತ್ತಲೆ ಗೂಡು ಖಾಲಿ. ಮರವೆಲ್ಲ ಹೋ ಎಂದಿತು. ಬೆಳಗ್ಗೆ ಇಟ್ಟ ಮೊಟ್ಟೆ ಸಂಜೆಗೇ ಹೋಗಿದೆ, ಹಾಗಾದರೆ ಹಾವು ಹಗಲಲ್ಲೇ ಬಂತಲ್ಲ ಎಂದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಗರಿಯಜ್ಜ ರೆಕ್ಕೆ ಬಡಿದ. "ಕಂಡಿರಾ! ಇಷ್ಟು ದಿನ ಬರೀ ನಂಬಿಕೆ ಇತ್ತು. ಇವತ್ತು ಪರೀಕ್ಷೆಯೂ ಆಯ್ತು. ಇನ್ನು ಈ ಮರದಲ್ಲಿ ದೀಪದ ಬಗ್ಗೆ ಯಾರೂ ಎದುರು ಮಾತಾಡಬಾರದು!"

ಹೊನ್ನಿ ಖಾಲಿ ಗೂಡಿನೊಳಗೆ ಹೊಕ್ಕು ನೋಡಿದಳು. "ನಾನೇ ತಪ್ಪು ತಿಳಿದಿದ್ದೆ ಅನ್ನಿಸುತ್ತೆ" ಎಂದಳು. ಅವಳಿಗೆ ಹಾಗೆ ಹೇಳಲು ನಾಚಿಕೆಯೇನೂ ಆಗಲಿಲ್ಲ. "ಆದರೂ ಒಂದೇ ಸಲ ಸಾಕಾ ರೀ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಇನ್ನೂ ಒಂದೆರಡು ಸಲ ಇಟ್ಟು ನೋಡೋಣ."

ನೂಲಯ್ಯ ರೇಗಿದ. "ಇನ್ನೇನು ಮೊಟ್ಟೆ ಇಡೋಳು ನೀನು. ಅದು ಬಿಟ್ಟು ದಿನಾ ಪರೀಕ್ಷೆ ಮಾಡ್ತಾ ಕೂರ್ತೀಯಾ? ನಾನು ಸುಳ್ಳು ಹೇಳ್ತೀನಾ?"

"ಛೇ, ಹಾಗಲ್ಲ ರೀ." ಹೊನ್ನಿ ಅವನ ಪಕ್ಕಕ್ಕೆ ಬಂದು ಕುಳಿತಳು. "ನೀವಿದ್ದೀರಲ್ಲ, ಸಾಕು ಬಿಡಿ."

ಆ ಮಾತು ನೂಲಯ್ಯನಿಗೆ ಮುಳ್ಳಿನ ಹಾಗೆ ಚುಚ್ಚಿತು. ಆಗಲೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಹೊನ್ನಿ ದಡದ ಕಡೆಯ ಗೂಡಿನಲ್ಲೇ ಮೊಟ್ಟೆ ಇಟ್ಟಳು. ಕಾವು ಕುಳಿತಳು. ಮರಿಗಳು ಬಂದವು, ಪುಕ್ಕವಿಲ್ಲದ ಕೆಂಪು ಕೆಂಪು ಮರಿಗಳು. ಯಾವಾಗ ನೋಡಿದರೂ ಬಾಯಿ ತೆರೆದೇ ಇರುತ್ತಿದ್ದವು. ಹೊನ್ನಿಗೆ ಹುಳ ತಂದು ಸಾಕಾಗುತ್ತಿರಲಿಲ್ಲ.

ನೂಲಯ್ಯ ಹಳೆಯ ಹುಳ ಸಾಯುತ್ತಲೇ ಹೊಸ ಹುಳ ತಂದು ದೀಪ ಇಡುತ್ತಿದ್ದ. ಒಂದರ ಪಕ್ಕ ಇನ್ನೊಂದು ಇಟ್ಟ. ಆದರೂ ಅವನಿಗೆ ನೆಮ್ಮದಿ ಇರಲಿಲ್ಲ. ರಾತ್ರಿ ಎಲ್ಲರ ಹಾಗೆ ಮಲಗುತ್ತಿದ್ದ. ಬಿಸಿಲು ಏರಿತೋ, ಮತ್ತೆ ಮತ್ತೆ ಮರಿಗಳನ್ನು ಎಣಿಸುತ್ತಿದ್ದ. ಎಲ್ಲರೂ ಗದ್ದೆಗೆ ಹೋದರೂ ಅವನು ಗೂಡಿನ ಬಾಯಲ್ಲೇ ಕೂರುತ್ತಿದ್ದ.

"ಏನಯ್ಯಾ, ಬಾಣಂತನ ನೀನೇ ಮಾಡ್ತಿದ್ದೀಯಾ?" ಎಂದು ಚೆಲುವಕ್ಕ ನಗಾಡಿದಳು. "ದೀಪ ಇಟ್ಟವನು ಕಾವಲು ಕೂರೋದೇಕೆ?"

ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಅವನೊಬ್ಬನಿಗೇ ಗೊತ್ತಿತ್ತು. ನೂಲಯ್ಯ ಹಲ್ಲು ಕಿರಿದ. ಹಕ್ಕಿಗೆ ಹಲ್ಲೆಲ್ಲಿ ಅನ್ನಬೇಡಿ, ಆ ಪೆಚ್ಚುನಗೆಗೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಒಂದು ದಿನ ಹೊತ್ತು ನೆತ್ತಿಗೆ ಬರುವಾಗ ಗರಿಯಜ್ಜನ ಕರೆ ಬಂತು. ಕೊಳದ ಆಚೆ ದಡದಲ್ಲಿ ಬೇರೆ ಊರಿನ ಗೀಜಗಗಳು ಬಂದು ಕುಳಿತಿದ್ದವು. "ನೂಲಯ್ಯಾ, ಬಾರೋ! ನಿನ್ನ ಪರೀಕ್ಷೆ ಸುದ್ದಿ ಕೇಳಿ ಅಷ್ಟು ದೂರದಿಂದ ಬಂದಿದ್ದಾರೆ. ದೀಪ ಇಡೋದು ಹೇಗೆ ಅಂತ ಇವರಿಗೆ ತೋರಿಸು."

ನೂಲಯ್ಯ ಗೂಡಿನ ಕಡೆ ನೋಡಿದ. ಮರಿಗಳು ನಿದ್ದೆ ಮಾಡುತ್ತಿದ್ದವು. ಹೊನ್ನಿ ಹುಳ ತರಲು ಹೋಗಿದ್ದಳು. ಹೋಗಲಾರೆ ಎಂದರೆ ಯಾಕೆ ಎಂದು ಹೇಳಬೇಕಾಗುತ್ತದೆ. 'ಈಗ ಬಂದೆ' ಎಂದು ಹಾರಿದ.

ಆಚೆ ದಡದಲ್ಲಿ ಅವನು ಮಣ್ಣು ಕಲಸಿ, ಹುಳ ಒತ್ತಿ, "ನೋಡಿ, ಹೀಗೆ" ಎನ್ನುತ್ತಿದ್ದ. ಎಲ್ಲರೂ ತಲೆದೂಗುತ್ತಿದ್ದರು. ಅಷ್ಟರಲ್ಲಿ ನೀರಿನ ಮೇಲಿಂದ ಒಂದು ಕೀರಲು ದನಿ ಕೇಳಿಸಿತು. ಅವನ ಮರಿಗಳ ದನಿ.

ನೂಲಯ್ಯ ಹಾರಿದ ಹಾರಾಟವನ್ನು ಏನೆಂದು ಹೇಳಲಿ. ಬಂದು ನೋಡಿದರೆ ಲಂಟಾನ ಪೊದೆಯಿಂದ ಗರಿಗೆ, ಗರಿಯಿಂದ ಗೂಡಿಗೆ ಉದ್ದಕ್ಕೆ ಒಂದು ಕೇರೆಹಾವು ಚಾಚಿತ್ತು. ತಲೆ ಗೂಡಿನೊಳಗಿತ್ತು. ನೂಲಯ್ಯ ಬಾಲಕ್ಕೆ ಕುಕ್ಕಿದ, ಮೈಗೆ ಕುಕ್ಕಿದ, ಕಿರುಚಿದ. ಹಾವು ನಿಧಾನವಾಗಿ ತಲೆ ಹೊರಗೆ ತೆಗೆಯಿತು. ಗೂಡಿನೊಳಗೆ ಯಾವ ಸದ್ದೂ ಇರಲಿಲ್ಲ.

"ದೀಪ ಇತ್ತಲ್ಲ!" ಎಂದು ಅರಚಿದ ನೂಲಯ್ಯ. "ಎರಡೆರಡು ದೀಪ ಇಟ್ಟಿದ್ದೆನಲ್ಲ! ನೀನು ಹೇಗೆ ಬಂದೆ?"

"ದೀಪವಾ? ಯಾವ ದೀಪ?" ಹಾವಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನಾನು ಕೇರೆ ಕಣಪ್ಪಾ. ಹಗಲು ತಿಂದು ರಾತ್ರಿ ಮಲಗೋ ಜಾತಿ. ಕತ್ತಲಾದ ಮೇಲೆ ಬಿಲದಿಂದ ತಲೆ ಹೊರಗೆ ಹಾಕಿದ್ದೇ ಇಲ್ಲ. ನಿಮ್ಮ ದೀಪಗೀಪ ನಾನು ಯಾವತ್ತೂ ನೋಡಿಲ್ಲ. ಪೊದೆ ಸಿಗುತ್ತೆ, ಹತ್ತುತ್ತೀನಿ. ನೀರಿನ ಕಡೆ ಹತ್ತೋಕೆ ಏನೂ ಸಿಗಲ್ಲ, ಆ ಕಡೆ ಹೋಗಲ್ಲ. ಅಷ್ಟೇ."

ಅದು ತನ್ನ ಪಾಡಿಗೆ ಇಳಿದು ಹೋಯಿತು. ನೂಲಯ್ಯ ಗೂಡಿನೊಳಗೆ ಇಣುಕಿದ. ಮಣ್ಣಿನಲ್ಲಿ ಎರಡು ಮಿಂಚುಹುಳುಗಳು ಸಿಕ್ಕಿಕೊಂಡಿದ್ದವು. ಒಂದೂ ಮಿನುಗುತ್ತಿರಲಿಲ್ಲ. ಮಟಮಟ ಮಧ್ಯಾಹ್ನದಲ್ಲಿ ಅವು ಯಾರಿಗಾಗಿ ಮಿನುಗಬೇಕು?

ಹೊನ್ನಿ ಬಂದಳು. ಕೊಕ್ಕಿನಲ್ಲಿ ಒಂದು ಹಸಿರು ಮಿಡತೆ ಇತ್ತು. ಗೂಡನ್ನು ನೋಡಿದಳು, ಗಂಡನನ್ನು ನೋಡಿದಳು. ಮಿಡತೆ ಕೊಕ್ಕಿನಿಂದ ಜಾರಿ ಪೊದೆಗೆ ಬಿತ್ತು.

"ದೀಪ ಇತ್ತಲ್ಲ ರೀ" ಎಂದಳು. "ನಾವು ಪರೀಕ್ಷೆ ಮಾಡಿ ನೋಡಿದ್ದೆವಲ್ಲ."

ಆಗ ನೂಲಯ್ಯನ ಬಾಯಿ ತೆರೆಯಿತು. "ಹೊನ್ನೀ, ಅವತ್ತು ಖಾಲಿಯಾಗಿದ್ದು ದೀಪದ ಗೂಡು. ಮೊಟ್ಟೆ ಎತ್ತಿಟ್ಟವನು ನಾನು."

ಅವಳು ಅಳುತ್ತಾಳೆ, ಬೈಯುತ್ತಾಳೆ, ಕುಕ್ಕುತ್ತಾಳೆ ಎಂದು ಅವನು ಕಾದ. ಅವಳು ಏನೂ ಮಾಡಲಿಲ್ಲ. ಒಂದೇ ಮಾತು ಕೇಳಿದಳು. "ಜಾಲಿಮರ ಅಲ್ಲೇ ಇತ್ತಲ್ಲ ರೀ. ನೀವು ಒಂದು ಮಾತು ಹೇಳಿದ್ದರೆ ಹೋಗ್ತಿದ್ದೆವಲ್ಲ?"

ಹೊನ್ನಿ ತನ್ನ ಕೆರೆಯ ದಿಕ್ಕಿಗೆ ಹಾರಿಹೋದಳು. ಮತ್ತೆ ಆ ಮರಕ್ಕೆ ಬರಲಿಲ್ಲ.

ಅಂದು ಸಂಜೆಯ ಕೂಟದಲ್ಲಿ ನೂಲಯ್ಯ ಎಲ್ಲರ ಮುಂದೆ ನಿಂತ. ಮೊಟ್ಟೆ ಎತ್ತಿಟ್ಟದ್ದನ್ನು ಹೇಳಿದ. ಹಾವು ಹಗಲಲ್ಲಿ ಬರುವುದನ್ನು, ಪೊದೆ ಹಿಡಿದು ಹತ್ತುವುದನ್ನು ಹೇಳಿದ. "ದೀಪದಿಂದ ಏನೂ ಪ್ರಯೋಜನ ಇಲ್ಲ. ದಡದ ಕಡೆ ಯಾರೂ ಗೂಡು ಕಟ್ಟಬೇಡಿ. ಇರೋರು ಇವತ್ತೇ ಏನಾದರೂ ಮಾಡಿ!"

ಚೆಲುವಕ್ಕ ಕಣ್ಣೊರೆಸಿಕೊಂಡಳು. "ಪಾಪ, ಮರಿ ಹೋದ ದುಃಖಕ್ಕೆ ಏನೇನೋ ಮಾತಾಡ್ತಿದ್ದಾನೆ" ಎಂದಳು.

"ದುಃಖ ಅಲ್ಲ ಅಕ್ಕಾ, ಸತ್ಯ! ಬೇಕಾದ್ರೆ ನಾಳೆ ಎಲ್ಲರೂ ಸೇರಿ ಮತ್ತೆ ಪರೀಕ್ಷೆ ಮಾಡೋಣ. ಹಗಲೆಲ್ಲ ಇಲ್ಲೇ ಕೂತು ನೋಡೋಣ. ನಾನು ಹತ್ತಿರವೂ ಬರಲ್ಲ."

ಗರಿಯಜ್ಜ ಎದ್ದ. "ಅವತ್ತು ಸುಳ್ಳು ಹೇಳಿದೆ ಅಂತ ನೀನೇ ಒಪ್ಪಿಕೊಳ್ತಿದ್ದೀಯ. ಇವತ್ತು ಹೇಳ್ತಿರೋದು ನಿಜ ಅಂತ ಯಾರು ನಂಬಬೇಕು? ಎರಡರಲ್ಲಿ ಒಂದು ಸುಳ್ಳು. ಯಾವುದು ಅಂತ ನಾವೇ ಆರಿಸ್ಕೋತೀವಿ. ನಮ್ಮ ಅಜ್ಜಂದಿರ ಮಾತಿಗೆ ಹೊಂದೋದು ಅವತ್ತಿನ ಪರೀಕ್ಷೆ. ಅದನ್ನ ಇಡೀ ಮರ ಕಣ್ಣಾರೆ ಕಂಡಿದೆ." ಅವನು ಸುತ್ತ ನೋಡಿದ. "ನೂಲಯ್ಯನ ಗೂಡಲ್ಲಿ ಎರಡು ದೀಪ ಇತ್ತು, ಸಾಲಲಿಲ್ಲ. ಇನ್ನು ಮೇಲೆ ದಡದ ಕಡೆಯವರು ಮೂರು ಮೂರು ಇಡಿ!"

"ಸರಿ, ಸರಿ" ಎಂದಿತು ಮರ. ಆ ರಾತ್ರಿ ಕೊಳದ ಸುತ್ತಲಿನ ಪೊದೆಗಳಲ್ಲಿ ಮಿಂಚುಹುಳುಗಳ ಬೇಟೆ ಜೋರಾಯಿತು.

ಮಾರನೆಯ ಮಧ್ಯಾಹ್ನ ದಡದ ಕಡೆಯ ಇನ್ನೊಂದು ಗೂಡು ಬರಿದಾಯಿತು. ಆಮೇಲೆ ಮತ್ತೊಂದು. ಪ್ರತಿ ಸಲವೂ ಮರ ಲೊಚಗುಟ್ಟಿತು, ದೀಪದ ಸಂಖ್ಯೆ ಏರಿಸಿತು. ನೂಲಯ್ಯ ಗರಿಯಿಂದ ಗರಿಗೆ ಹಾರಿ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಬಂದ ಬುದ್ಧಿಯನ್ನು ಕೊಳ್ಳುವವರೇ ಇರಲಿಲ್ಲ.

ಮಳೆಗಾಲ ಮುಗಿಯಿತು. ಹಾಗೇ ಎಷ್ಟೋ ಮಳೆಗಾಲಗಳು ಬಂದುಹೋದವು. ನೂಲಯ್ಯನ ಹಳದಿ ಪುಕ್ಕ ಮಾಸಿತ್ತು. ಅವನು ಗೂಡು ಕಟ್ಟಲಿಲ್ಲ. ದಡದ ಕಡೆಯ ಒಂದು ಒಣಗರಿಯ ಮೇಲೆ ಸುಮ್ಮನೆ ಕೂರುತ್ತಿದ್ದ.

ಒಂದು ದಿನ ಹೊಸ ಜೋಡಿಯೊಂದು ಅವನ ಪಕ್ಕದ ಗರಿಗೆ ಬಂತು. ದೂರದ ಊರಿನವರು. ಗಂಡು ಅರೆಗೂಡಿಗೆ ಮಣ್ಣು ಮೆತ್ತಿ ಮಿಂಚುಹುಳು ಒತ್ತುತ್ತಿತ್ತು. ಹೆಣ್ಣು ಕೆಳಗಿನ ಪೊದೆಯನ್ನು ನೋಡಿ ಮುಖ ಸಣ್ಣ ಮಾಡಿತು.

"ಇದರಿಂದ ಹಾವು ಬರಲ್ಲ ಅಂತ ಹೇಗೆ ಗೊತ್ತು ರೀ? ಒಂದು ಸಲ ನಾವೇ ಪರೀಕ್ಷೆ ಮಾಡಿ ನೋಡೋಣವಾ?"

ನೂಲಯ್ಯ ತಟ್ಟನೆ ತಿರುಗಿದ. ಹೊನ್ನಿಯೇ ಮಾತಾಡಿದ ಹಾಗಿತ್ತು.

"ಅದೆಲ್ಲ ಆಗಿಹೋಗಿದೆ ಕಣೇ" ಎಂದಿತು ಗಂಡು. "ಹಿಂದೆ ನೂಲಯ್ಯ ಅಂತ ಒಬ್ಬ ಮಹಾನುಭಾವ ಇದ್ದನಂತೆ. ಎರಡು ಗೂಡು ಇಟ್ಟು, ದೀಪ ಒಂದನ್ನ ಬಿಟ್ಟು ಬೇರೆಲ್ಲ ಸಮ ಮಾಡಿ ಪರೀಕ್ಷೆ ಮಾಡಿದ್ದಾನಂತೆ. ಎಷ್ಟೋ ಕೆರೆಗಳಲ್ಲಿ ಈಗ ಅವನ ಹೆಸರು ಹೇಳಿಯೇ ದೀಪ ಇಡ್ತಾರೆ. ಅಂಥವನು ನೋಡಿದ ಮೇಲೆ ನಾವೇನು ನೋಡೋದು?"

"ನಾನೇ ನೂಲಯ್ಯ!" ನೂಲಯ್ಯ ಅವರ ಗರಿಗೆ ಹಾರಿ ಬಂದ. "ಅದು ಸುಳ್ಳು ಪರೀಕ್ಷೆ ಕಣಮ್ಮಾ! ಮೊಟ್ಟೆ ಎತ್ತಿಟ್ಟವನು ನಾನು. ಹಾವು ಹಗಲಲ್ಲಿ ಬರುತ್ತೆ. ಆಚೆ ಹೊಂಡದಲ್ಲಿ ಜಾಲಿಮರ ಇದೆ, ಅಲ್ಲಿಗೆ ಹೋಗಿ. ನಿಮ್ಮ ದಮ್ಮಯ್ಯ ಅಂತೀನಿ, ಹೋಗಿ!"

ಹೆಣ್ಣು ಹೆದರಿ ಗಂಡಿನ ಹಿಂದೆ ಸರಿಯಿತು. ಗಂಡು ಮೆಲ್ಲಗೆ, "ಹೆದರಬೇಡ. ವಯಸ್ಸಾದವರು, ಅರಳುಮರಳು ಅಂತೆ. ಚೆಲುವಕ್ಕ ಹೇಳಿದ್ದರು" ಎಂದಿತು. ಆಮೇಲೆ ನೂಲಯ್ಯನ ಕಡೆ ತಿರುಗಿ, ತುಂಬ ಮರ್ಯಾದೆಯಿಂದ, "ಆಗಲಿ ತಾತಾ, ನೋಡೋಣ" ಎಂದಿತು.

ಬಿಸಿಲೇರಿತು. ಮರದ ಹಕ್ಕಿಗಳೆಲ್ಲ ಗದ್ದೆಗೆ ಹಾರಿದವು. ಹೊಸ ಜೋಡಿಯೂ ಹಾರಿಹೋಯಿತು. ಹೊಸ ಗೂಡಿನ ಹಸಿ ಮಣ್ಣಿನಲ್ಲಿ ಸಿಕ್ಕಿದ ಮಿಂಚುಹುಳು ಕಾಲಾಡಿಸಿ ಆಡಿಸಿ ಸುಮ್ಮನಾಯಿತು. ಅದು ಮಿನುಗಲಿಲ್ಲ. ಹಗಲಾಗಿತ್ತು.

ದಡದ ಕಡೆಯ ಗೂಡುಗಳಲ್ಲಿ ಮೊಟ್ಟೆಗಳಿದ್ದವು. ಕೆಳಗೆ ಲಂಟಾನ ಪೊದೆ ಸರಸರ ಎಂದಿತು. ನೂಲಯ್ಯ ತನ್ನ ಒಡಕು ಗಂಟಲಲ್ಲಿ ಕೂಗತೊಡಗಿದ. ಕೂಗಿದ, ಕೂಗಿದ, ಕೂಗುತ್ತಲೇ ಇದ್ದ. ಕೇಳಲು ಮರದಲ್ಲಿ ಯಾರೂ ಇರಲಿಲ್ಲ.

ನೀತಿ: ಪರೀಕ್ಷೆ ತೋರಿಸಿದ್ದನ್ನು ತೋರಿಸಿದ ಹಾಗೆಯೇ ಹೇಳಬೇಕು. ನಮಗೆ ಬೇಕಾದ ಉತ್ತರಕ್ಕಾಗಿ ಅದನ್ನು ತಿದ್ದಿದರೆ, ಆಮೇಲೆ ನಾವೇ ಬಂದು ಸತ್ಯ ಹೇಳಿದರೂ ಲೋಕ ಆ ಸುಳ್ಳನ್ನೇ ನಂಬುತ್ತದೆ.